ಅಣ್ಣನ ಫ್ಲೆಕ್ಸ್ ಹಿಂದಿನ ಬೀದಿದೀಪ

ಬೀದಿದೀಪದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಹೊಗಳಿಕೆ ಸಿಗುತ್ತದೆಂದು ಕಾಯಬೇಡಿ. ದೀಪ ಉರಿಯುವಷ್ಟು ದಿನ ಅದರ ಕೆಳಗೆ ಓಡಾಡುವವರಿಗೆ ನೀವು ಇದ್ದೀರೆಂಬುದೇ ಗೊತ್ತಿರುವುದಿಲ್ಲ. ಅದು ಆರಿದ ಸಂಜೆ ಮಾತ್ರ ನಿಮ್ಮನ್ನು, ನಿಮ್ಮ ಅಪ್ಪ ಅಮ್ಮನನ್ನು, ಅವರ ಹಿಂದಿನವರನ್ನು ಎಲ್ಲರನ್ನೂ ನೆನೆಯುತ್ತಾರೆ. ನಾನು ಹೈದರಾಬಾದಿನಲ್ಲಿ ಬೀದಿದೀಪ ವಿಭಾಗಕ್ಕೆ ಹೆಲ್ಪರ್ ಆಗಿ ಸೇರಿ, ಫೋರ್‌ಮನ್ ಆಗಿ ನಿವೃತ್ತನಾದವನು. ನಡುವೆ ಯಾವಾಗ ಯಾವ ಬಡ್ತಿ ಬಂತು ಎಂಬುದು ನನ್ನ ಹೆಂಡತಿಗೂ ನೆನಪಿಲ್ಲ, ಆದ್ದರಿಂದ ನಿಮಗೂ ಬೇಡ. ಆದರೆ ಊರಿನ ಹಳದಿ ದೀಪಗಳೆಲ್ಲ ಹೋಗಿ ಬಿಳಿ ಎಲ್ಇಡಿ ಬಂದದ್ದನ್ನು ಕಂಬದ ಬುಡದಲ್ಲೇ ನಿಂತು ನೋಡಿದ್ದೇನೆ. ನಾರಾಯಣಗೂಡದ ಒಂದು ಗಲ್ಲಿಯಲ್ಲಿ ದೀಪ ಚೆನ್ನಾಗಿ ಉರಿಯುತ್ತಿದ್ದೂ ಕತ್ತಲೆ ಕವಿದು, ಒಬ್ಬ ಹುಡುಗಿ ಓದು ಬಿಟ್ಟು ಊರಿಗೆ ಹೋಗಬೇಕಾದ ಪ್ರಸಂಗ ಬಂದಿತ್ತು. ಅದನ್ನು ನೀವು ತಿಳಿದಿರಬೇಕು. ಅದು ಅರ್ಥವಾಗಬೇಕಾದರೆ ಹಿಂದಿನ ಕತೆ ಸ್ವಲ್ಪ ಕೇಳಿ.

ನಾನು ಸೇರಿದಾಗ ಇದ್ದದ್ದು ಸೋಡಿಯಂ ದೀಪ. ಸ್ವಿಚ್ ಹಾಕಿದ ಕೂಡಲೇ ಅದು ಏಳುತ್ತಿರಲಿಲ್ಲ. ಮೊದಲು ಕೆಂಪಗೆ ಕಣ್ಣು ಬಿಟ್ಟು, ಆಮೇಲೆ ಕಿತ್ತಳೆಯಾಗಿ, ನಾವು ಒಂದು ಚಹಾ ಕುಡಿದು ಮುಗಿಸುವ ಹೊತ್ತಿಗೆ ಪೂರ್ತಿ ಹಳದಿಯಾಗುತ್ತಿತ್ತು. ಒಮ್ಮೆ ಆರಿಸಿದಿರೋ, ತಣ್ಣಗಾಗುವ ತನಕ ಯಾರ ಮಾತೂ ಕೇಳುತ್ತಿರಲಿಲ್ಲ. ಬಲ್ಬು, ಚೋಕು, ಇಗ್ನೈಟರ್ ಮೂರರಲ್ಲಿ ಒಂದು ಸದಾ ಕೆಟ್ಟಿರುತ್ತಿತ್ತು. ಮಳೆಗಾಲದಲ್ಲಿ ನಮ್ಮ ಏಣಿ ಗಾಡಿಗೆ ಬಿಡುವೆಂಬುದೇ ಇರಲಿಲ್ಲ.

ದೂರುಗಳಲ್ಲಿ ದೀಪ ಇಲ್ಲ ಎನ್ನುವವು ಎಷ್ಟೋ, ದೀಪ ಇದೆ ಎನ್ನುವವೂ ಅಷ್ಟೇ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಕಾಲನಿಯಲ್ಲಿ ಅಕ್ಕಪಕ್ಕದ ಮನೆಯವರಿಬ್ಬರು ಒಂದೇ ಕಂಬದ ಸಲುವಾಗಿ ಜಗಳಕ್ಕೆ ಬಿದ್ದಿದ್ದರು. ಒಬ್ಬರಿಗೆ ಬೆಳಕು ಮಲಗುವ ಕೋಣೆಗೆ ಬೀಳುತ್ತದೆಂದು ತಕರಾರು. ಅವರಿಗಾಗಿ ದೀಪವನ್ನು ಆಚೆ ತಿರುಗಿಸಿ ಬಂದರೆ ಮರುದಿನ ಇನ್ನೊಬ್ಬರ ದೂರು, ತಮ್ಮ ಮೆಟ್ಟಿಲು ಕತ್ತಲಾಯಿತೆಂದು. ಮತ್ತೆ ಈಚೆ ತಿರುಗಿಸುತ್ತಿದ್ದೆವು. ತಿರುಗಿ ತಿರುಗಿ ಆ ದೀಪದ ಕುತ್ತಿಗೆ ಮುರಿದು ಬಿತ್ತು. ಆಗ ಇಬ್ಬರೂ ಒಟ್ಟಿಗೆ ಆಫೀಸಿಗೆ ಬಂದು, ಒಂದೇ ದನಿಯಲ್ಲಿ ನಮ್ಮನ್ನು ಬೈದು, ಒಂದೇ ಆಟೋದಲ್ಲಿ ವಾಪಸಾದರು. ಆ ಮನೆಗಳ ನಡುವೆ ಈಗಲೂ ಒಳ್ಳೆಯ ಸ್ನೇಹವಿದೆಯಂತೆ.

ಉದ್ಘಾಟನೆ ನಮ್ಮ ವಿಭಾಗದ ಅತಿ ಕಷ್ಟದ ಕೆಲಸ. ಸೋಡಿಯಂ ದೀಪ ನಾಯಕರು ಒತ್ತಿದೊಡನೆ ಹೊತ್ತುವುದಿಲ್ಲವಲ್ಲ, ಅದಕ್ಕೊಂದು ಪದ್ಧತಿ ಬೆಳೆದಿತ್ತು. ರಿಬ್ಬನ್ ಕಟ್ಟಿದ ಹಲಗೆಯ ಮೇಲಿನ ಗುಂಡಿಗೆ ತಂತಿಯನ್ನೇ ಕೊಡುತ್ತಿರಲಿಲ್ಲ. ನಿಜವಾದ ಸ್ವಿಚ್ ಬೀದಿಯ ಮೂಲೆಯ ಡಬ್ಬಿಯಲ್ಲಿ, ನಮ್ಮ ಖಾದರ್ ಭಾಯಿಯ ಕೈಯಲ್ಲಿ. ನಾಯಕರ ಭಾಷಣ ‘ಇಷ್ಟು ಹೇಳಿ’ ಎನ್ನುವಲ್ಲಿಗೆ ಬಂದಾಗ ಹಿರಿಯ ಇಂಜಿನಿಯರ್ ಸುಧಾಕರ ರಾವ್ ಸಾಹೇಬರು ಹೆಗಲ ಟವೆಲ್ ಬೀಸುತ್ತಿದ್ದರು, ಖಾದರ್ ಭಾಯಿ ಸ್ವಿಚ್ ಹಾಕುತ್ತಿದ್ದ. ನಾಯಕರು ಹಲಗೆಯ ಬಳಿ ಬರುವಷ್ಟರಲ್ಲಿ ದೀಪಕ್ಕೂ ಬಣ್ಣ ಬಂದಿರಬೇಕೆಂಬ ಲೆಕ್ಕ. ಆದರೆ ‘ಇಷ್ಟು ಹೇಳಿ’ ಎಂದು ನಿಜವಾಗಿ ನಿಲ್ಲಿಸುವ ನಾಯಕರನ್ನು ನೀವು ಕಂಡಿದ್ದೀರಾ? ಬೀದಿಯೆಲ್ಲ ಜಗಜಗಿಸುತ್ತಿರುವಾಗ ಅವರು ‘ಈ ಬೀದಿ ಇನ್ನು ಮುಂದೆ ಕತ್ತಲೆಯಲ್ಲಿ ಇರಕೂಡದು’ ಎಂದು ಗುಡುಗುತ್ತಿದ್ದರು. ಕೊನೆಗೆ ಗುಂಡಿ ಒತ್ತಿದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾವೂ ತಟ್ಟುತ್ತಿದ್ದೆವು.

ಹೀಗಿರುವಾಗ ಎಲ್ಇಡಿ ಬಂತು. ನಮಗೆ ತರಬೇತಿ ಎಂದು ಒಂದು ಹೋಟೆಲಿನ ತಣ್ಣನೆಯ ಹಾಲಿನಲ್ಲಿ ಕೂರಿಸಿದರು. ಟೈ ಕಟ್ಟಿದ ತರುಣನೊಬ್ಬ ಪರದೆಯ ಮೇಲೆ ಚಿತ್ರ ತೋರಿಸುತ್ತ, ಕರೆಂಟು ಕಡಿಮೆ ತಿನ್ನುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ, ಬೆಳಕು ಬೇಕಾದಲ್ಲಿಗೆ ಮಾತ್ರ ಬೀಳುತ್ತದೆ, ಒಂದು ಕಿರಣವೂ ಪೋಲಾಗುವುದಿಲ್ಲ ಎಂದ. ಇಷ್ಟೆಲ್ಲ ಹೇಳುವಾಗ ತಲೆಯ ಮೇಲಿನ ಹಳೆಯ ಟ್ಯೂಬ್‌ಲೈಟ್ ಪಟಪಟನೆ ಮಿನುಗುತ್ತಿತ್ತು. ಅವನ ಮಾತಿಗಿಂತ ಅದೇ ನಮಗೆ ಚೆನ್ನಾಗಿ ಮನವರಿಕೆ ಮಾಡಿಕೊಟ್ಟಿತು.

ಹುಡುಗ ಸುಳ್ಳು ಹೇಳಿರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಹೊಸ ದೀಪ ಹಾಕಿದ ಮೊದಲ ಮಳೆಗಾಲದಲ್ಲಿ ನಮ್ಮ ಏಣಿ ಗಾಡಿ ಆಫೀಸಿನ ಅಂಗಳದಲ್ಲೇ ನಿಂತು, ಅದರ ಕೆಳಗೆ ನಾಯಿ ಮರಿ ಹಾಕಿತು. ಕರೆಂಟು ನಿಜಕ್ಕೂ ಉಳಿಯಿತು. ಹೆಂಗಸರು, ಮುದುಕರು ರಸ್ತೆಯ ಗುಂಡಿಗಳನ್ನು ಬೀಳುವ ಮುಂಚೆಯೇ ನೋಡಲು ಶುರುಮಾಡಿದರು. ಮೊದಲು ಬಿದ್ದ ಮೇಲೆ ನೋಡುತ್ತಿದ್ದರು. ನೋಡ ನೋಡುತ್ತ ಊರಿಗೆ ಊರೇ ದೀಪ ಬದಲಾಯಿಸಿಕೊಂಡಿತು. ಕಲ್ಲಂಗಡಿ ಮಾರುವವನ ತಳ್ಳುಗಾಡಿಗೂ, ಮಸೀದಿಯ ಮಿನಾರಕ್ಕೂ, ಹನುಮಂತನ ಗುಡಿಗೂ, ಬೀಡಾ ಅಂಗಡಿಗೂ ಎಲ್ಇಡಿ ಬಂತು. ನಾನಂತೂ ಮನೆಯ ಬಲ್ಬುಗಳನ್ನೆಲ್ಲ ಬದಲಾಯಿಸಿದೆ. ದೇವರ ಮನೆಯ ಕೆಂಪು ಬಲ್ಬನ್ನು ಮಾತ್ರ ಹೆಂಡತಿ ಮುಟ್ಟಗೊಡಲಿಲ್ಲ.

ಬಣ್ಣಗಳಿಗೆ ಮಾತ್ರ ಭಾರಿ ಹೊಡೆತ ಬಿತ್ತು. ಹಳದಿ ದೀಪದಡಿ ನೀಲಿ, ಹಸಿರು, ಕಂದು ಎಲ್ಲ ಒಂದೇ ಜಾತಿ. ಹಿಮಾಯತ್‌ನಗರದಲ್ಲಿ ಫುಟ್‌ಪಾತಿನ ಮೇಲೆ ಸೀರೆ ಹರವಿಕೊಂಡು ಮಾರುವ ವ್ಯಾಪಾರಿಯೊಬ್ಬರು ಅದರ ಮೇಲೆಯೇ ಬದುಕಿದ್ದರು. ಗಿರಾಕಿ ಏನು ಬಣ್ಣ ಕೇಳಿದರೂ ‘ಇದೇ ತಾಯಿ’ ಎನ್ನುತ್ತಿದ್ದರು, ಅದು ಹಾಗೇ ಕಾಣುತ್ತಿತ್ತು. ಬಿಳಿ ದೀಪ ಬಂದ ಮೇಲೆ ಅವರು ನನಗೆ ಫೋನು ಮಾಡಿ, ‘ಸಾಬ್, ನಿಮ್ಮ ಹೊಸ ದೀಪ ಹೆಂಗಸರ ಕಣ್ಣಿಗೆ ಒಳ್ಳೆಯದಲ್ಲ, ವಾಪಸ್ ಹಳೆಯದನ್ನೇ ಹಾಕಿ’ ಎಂದು ಕಳಕಳಿಯಿಂದ ಕೇಳಿಕೊಂಡರು.

ಎಲ್ಇಡಿಯ ಉದ್ಘಾಟನೆಯೂ ಆಯಿತು. ನಾರಾಯಣಗೂಡ ಭಾಗದ ನಾಯಕರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅಣ್ಣನ ಬಲಗೈ ಯಾದಗಿರಿ ಎಂಬವನು. ಅಣ್ಣ ಸೀನಿದರೆ ಇವನು ಮೂಗು ಒರೆಸಿಕೊಳ್ಳುವಂಥ ಭಕ್ತ. ಎಲ್ಇಡಿ ತಟ್ಟನೆ ಹೊತ್ತುತ್ತದೆ, ಗುಂಡಿಗೇ ತಂತಿ ಕೊಟ್ಟರಾಯಿತು ಎಂದು ನಾವು ಹೇಳಿದರೂ ಸುಧಾಕರ ರಾವ್ ಸಾಹೇಬರು ಒಪ್ಪಲಿಲ್ಲ. ಪದ್ಧತಿ ಪದ್ಧತಿಯೇ. ಖಾದರ್ ಭಾಯಿ ಮೂಲೆಯಲ್ಲಿ ಡಬ್ಬಿ ತೆರೆದು, ಟವೆಲಿಗಾಗಿ ಕಣ್ಣು ನೆಟ್ಟು ನಿಂತ. ಅಣ್ಣನ ಕಾರು ಬಂತು. ಬಾಗಿಲು ತೆರೆದ ಯಾದಗಿರಿ ಸೆಕೆಗೆ ತನ್ನ ಟವೆಲ್ ಕೊಡವಿ ಮುಖ ಒರೆಸಿಕೊಂಡ. ಬೀದಿಯೆಲ್ಲ ಭಗ್ಗನೆ ಬೆಳಗಿತು. ಅಣ್ಣನ ಒಂದು ಕಾಲು ಇನ್ನೂ ಕಾರಿನ ಒಳಗಿತ್ತು.

ಸಾಹೇಬರು ಬೆವತುಹೋದರು. ಫೋಟೋದವರು ಗೊಣಗಿದರು. ಆಗ ಖಾದರ್ ಭಾಯಿ ಗಾಬರಿಯಿಂದ ಆರಿಸಿ, ಮತ್ತೆ ಹಾಕಿ, ಮತ್ತೆ ಆರಿಸಿದ. ಪ್ರತಿಸಲವೂ ದೀಪ ಹೇಳಿದ ಮಾತು ಕೇಳಿತು. ಅಣ್ಣನ ಮುಖ ಅರಳಿತು. ಸೋಡಿಯಂ ಕಾಲದಲ್ಲಿ ಫೋಟೋ ಕೆಟ್ಟರೆ ಕೆಟ್ಟಂತೆಯೇ, ಈಗ ಎಷ್ಟು ಸಲವಾದರೂ ಉದ್ಘಾಟಿಸಬಹುದು! ಅಣ್ಣ ಗುಂಡಿ ಒತ್ತಿದರು. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು, ಮುಗುಳ್ನಗುತ್ತ ಒಂದು, ಬಡವರ ಚಿಂತೆಯಲ್ಲಿ ಒಂದು. ಎಲ್ಇಡಿಯ ಲಾಭಗಳ ಪಟ್ಟಿಯಲ್ಲಿ ಟೈ ಕಟ್ಟಿದ ಹುಡುಗ ಇದನ್ನು ಬಿಟ್ಟಿದ್ದ.

ಅವನು ಬಿಟ್ಟ ಇನ್ನೊಂದು ಮಾತೂ ಇತ್ತು. ಒಂದು ಕಿರಣವೂ ಪೋಲಾಗುವುದಿಲ್ಲ ಎಂದನಲ್ಲ, ಈ ಊರಿನಲ್ಲಿ ಅರ್ಧ ಜನ ಬದುಕುತ್ತಿದ್ದದ್ದೇ ಪೋಲಾದ ಬೆಳಕಿನಲ್ಲಿ. ಹಳದಿ ದೀಪ ರಸ್ತೆಗೆ ಕೊಟ್ಟಷ್ಟೇ ಗೋಡೆಗೂ, ಮರಕ್ಕೂ, ಪಕ್ಕದ ಸಂದಿಗೂ ಕೊಡುತ್ತಿತ್ತು. ಅದರಲ್ಲಿ ಇಸ್ತ್ರಿಯವರು ಇಸ್ತ್ರಿ ಮಾಡುತ್ತಿದ್ದರು, ಮುದುಕರು ಕೇರಂ ಆಡುತ್ತಿದ್ದರು. ಎಲ್ಇಡಿ ಶಿಸ್ತಿನ ದೀಪ. ಮುಖ ಮಾಡಿದ ಕಡೆಗೆ ಮಾತ್ರ ಬೆಳಕು. ಅದರ ಮುಂದೆ ಅಡ್ಡ ಏನಾದರೂ ಬಂದರೆ ಹಿಂದೆ ಗಟ್ಟಿ ಕತ್ತಲೆ. ಎಲ್ಲಿ ಎಷ್ಟು ಬಾಗಿಸಬೇಕು, ಯಾವ ಸಂದಿಗೆ ಇನ್ನೊಂದು ಸಣ್ಣ ದೀಪ ಬೇಕು ಎಂದು ಕಲಿಯಲು ನಮಗೆ ಕಾಲ ಹಿಡಿಯಿತು. ಕಲಿತ ಮೇಲೆ ದೀಪದ ಮೇಲೆ ದೂರಲು ಏನೂ ಉಳಿಯಲಿಲ್ಲ.

ದೀಪದ ಜೊತೆಗೆ ಬಂದ ಕಂಪ್ಯೂಟರ್ ಪರದೆಯ ಮಾತು ಬೇರೆ. ಆಫೀಸಿನಲ್ಲಿ ಗೋಡೆಯಗಲ ಪರದೆ, ಅದರಲ್ಲಿ ಪ್ರತಿ ಕಂಬಕ್ಕೂ ಒಂದು ಚುಕ್ಕೆ. ಉರಿಯುತ್ತಿದ್ದರೆ ಹಸಿರು, ಆರಿದ್ದರೆ ಕೆಂಪು. ದೂರು ಕೊಡುವವರಿಗೆ ಮೊಬೈಲ್ ಆ್ಯಪ್. ಸುಧಾಕರ ರಾವ್ ಸಾಹೇಬರು ನಿವೃತ್ತರಾಗಿ, ಅವರ ಜಾಗಕ್ಕೆ ಶ್ರಾವಣಿ ಎಂಬ ಚಿಕ್ಕ ವಯಸ್ಸಿನ ಇಂಜಿನಿಯರ್ ಬಂದಿದ್ದರು. ಒಳ್ಳೆಯ ಹೆಣ್ಣುಮಗಳು, ಟವೆಲ್ ಪದ್ಧತಿಯನ್ನು ಬಂದ ದಿನವೇ ನಿಲ್ಲಿಸಿದರು. ಆದರೆ ಪರದೆ ಅವರ ಕೈಕೆಳಗೆ ಇರಲಿಲ್ಲ, ಅವರೇ ಪರದೆಯ ಕೈಕೆಳಗೆ ಇದ್ದರು.

ನನ್ನ ನೌಕರಿಯ ಕೊನೆಯ ವರ್ಷ. ನಾರಾಯಣಗೂಡದಲ್ಲಿ ಕೋಚಿಂಗ್ ಸೆಂಟರುಗಳ ಹಿಂದೆ ಒಂದು ಗಲ್ಲಿಯಿದೆ. ಅದರ ಕೊನೆಗೆ ಶಾಂತಾಬಾಯಿಯವರ ಹೆಣ್ಣುಮಕ್ಕಳ ಹಾಸ್ಟೆಲ್. ಶಾಂತಾಬಾಯಿ ನಮ್ಮ ರಾಯಚೂರು ಕಡೆಯವರು, ಅವರ ಕೈಯ ರೊಟ್ಟಿ, ಶೇಂಗಾ ಹಿಂಡಿಯ ಆಸೆಗೆ ನಾನು ಆಗಾಗ ಆ ಕಡೆ ದೀಪ ಪರೀಕ್ಷಿಸಲು ಹೋಗುತ್ತಿದ್ದೆ. ಒಂದು ಸಂಜೆ ಅವರದೇ ಫೋನು.

‘ಗುರುನಾಥಣ್ಣಾರ, ನಮ್ಮ ಓಣ್ಯಾಗ ಕಣ್ಣಿಗೆ ಬಟ್ಟಿ ಕಟ್ಟಿದಂಗ ಆಗೇತಿ ನೋಡ್ರಿ. ಮಾದೇವಿ ಅಪ್ಪ ಊರಿಂದ ಬಂದಾನ, ಮೊಣಕಾಲ ಒಡಕೊಂಡು ಕುಂತಾನ. ಮಗಳನ್ನ ಕರಕೊಂಡು ಹೊಕ್ಕೀನಿ ಅಂತಾನ. ಲಗೂನ ಬರ್ರಿ.’

ಹೋಗಿ ನೋಡಿದೆ. ಗಲ್ಲಿಯ ಬಾಯಲ್ಲಿ ನಮ್ಮ ಕಂಬ, ಅದರ ಮೇಲೆ ನಮ್ಮ ದೀಪ, ಹಾಲಿನ ಹಾಗೆ ಉರಿಯುತ್ತಿದೆ. ಆದರೆ ಅದರ ಮುಂದೆ, ಕಂಬದಿಂದ ಎದುರು ಮಹಡಿಯವರೆಗೆ, ಗಲ್ಲಿಗೆ ಅಡ್ಡಲಾಗಿ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ನೇತುಹಾಕಿದ್ದರು. ಸೈಕಲ್ಲು, ಸ್ಕೂಟರು ಅದರಡಿ ಬಗ್ಗಿ ಹೋಗುತ್ತಿದ್ದವು. ಬೆಳಕೆಲ್ಲ ಅಣ್ಣನ ಬೆನ್ನಿಗೆ ಬಡಿದು ಅಲ್ಲೇ ನಿಂತಿತ್ತು. ಅದರಾಚೆಯ ಗಲ್ಲಿಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಹುಟ್ಟುಹಬ್ಬ ಮುಗಿದುಹೋಗಿ ಎಷ್ಟೋ ದಿನವಾಗಿತ್ತು.

ಹಾಸ್ಟೆಲ್ಲಿನ ಹುಡುಗಿ ಮಹಾದೇವಿಯ ಅಪ್ಪ ಚನ್ನಬಸಪ್ಪ ಲಿಂಗಸೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮಗಳಿಗೆಂದು ತಂದ ಅವಲಕ್ಕಿ ಚೂಡಾದ ಡಬ್ಬಿ ಸಮೇತ ಚರಂಡಿಯ ಕಲ್ಲಿಗೆ ಎಡವಿ ಬಿದ್ದಿದ್ದರು. ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದವರ ಸಿಟ್ಟು ಮಾತ್ರ ಚೂಡಾ ಚೆಲ್ಲಿದ್ದಕ್ಕಲ್ಲ.

‘ನಾ ಗಂಡಸು, ನಾನೇ ಬಿದ್ದೆ. ಈ ಕೂಸು ದಿನಾ ಸಂಜಿಮುಂದ ಕ್ಲಾಸ್ ಮುಗಿಸಿ ಇದರಾಗ ಹ್ಯಾಂಗ ಬರಬೇಕ್ರಿ? ಮುಂದಿನ ಐತವಾರ ಬರ್ತೀನಿ. ಬೆಳಕಾಗಿತ್ತೋ, ಇರ್ಲಿ. ಇಲ್ಲಂದ್ರ ಚೀಲ ಕಟ್ಟಿ ಇಟ್ಟಿರು ಮಗಳ, ಊರಿಗೆ ಹೋಗೂಣು’ ಎಂದರು.

ಮಹಾದೇವಿ ಬಾಗಿಲಿಗೆ ಒರಗಿ ನಿಂತಿದ್ದಳು. ಕೇಂದ್ರ ಪೊಲೀಸ್ ಪಡೆಯ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದಳು. ಬೆಳಗ್ಗೆ ಎದ್ದು ಓಡುವುದು, ಹಗಲೆಲ್ಲ ಲೆಕ್ಕ ಮಾಡುವುದು, ಸಂಜೆ ಕ್ಲಾಸು. ಪರೀಕ್ಷೆ ಹತ್ತಿರ ಬಂದಿತ್ತು. ಅಪ್ಪ ಮಲಗಲು ಲಾಡ್ಜಿಗೆ ಹೋದ ಮೇಲೆ ನನ್ನ ಹತ್ತಿರ ಬಂದು, ‘ಕಾಕಾ, ನನಗ ಅಂಜಿಕಿ ಇಲ್ರಿ. ಅಪ್ಪಗ ಐತಿ. ಒಮ್ಮಿ ಊರಿಗೆ ಹ್ವಾದೆ ಅಂದ್ರ ಮತ್ತ ಕಳಸಂಗಿಲ್ಲ, ಲಗ್ನ ಮಾಡಿ ಕೈ ತೊಳಕೊಂತಾರ. ಹ್ಯಾಂಗರೆ ಮಾಡಿ ಲೈಟ್ ಮಾಡಿಕೊಡ್ರಿ’ ಎಂದಳು. ಅವಳ ದನಿ ನಡುಗಲಿಲ್ಲ, ಆದರೆ ಕಣ್ಣು ನೋಡಲು ನನ್ನಿಂದ ಆಗಲಿಲ್ಲ. ನನಗೂ ಹೆಣ್ಣುಮಗಳಿದ್ದಾಳೆ.

ಮರುದಿನ ಹುಡುಗಿಯರು ಆ್ಯಪಿನಲ್ಲಿ ದೂರು ಹಾಕಿದರು. ಗಲ್ಲಿಯ ಫೋಟೋ ಬೇಕೆಂದು ಕೇಳಿತು, ಕತ್ತಲೆಯ ಫೋಟೋ ತೆಗೆದು ಕಳಿಸಿದರು. ‘ಚಿತ್ರ ಸ್ಪಷ್ಟವಾಗಿಲ್ಲ, ಸಾಕಷ್ಟು ಬೆಳಕಿರುವಾಗ ಮತ್ತೆ ತೆಗೆಯಿರಿ’ ಎಂದು ಉತ್ತರ ಬಂತು. ಹಗಲು ತೆಗೆದು ಕಳಿಸಿದರು. ‘ಗಲ್ಲಿಯಲ್ಲಿ ಸಾಕಷ್ಟು ಬೆಳಕಿದೆ, ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂದು ಕೇಳಿತು.

ನಾನು ಶ್ರಾವಣಿ ಮೇಡಂ ಬಳಿ ಹೋದೆ. ಅವರು ಪರದೆ ತೋರಿಸಿದರು. ಚುಕ್ಕೆ ಹಸಿರು. ಆದರೂ ಪಾಪ, ಸಂಜೆ ಸ್ಕೂಟಿಯಲ್ಲಿ ನನ್ನ ಜೊತೆ ಬಂದು ಗಲ್ಲಿ ನೋಡಿದರು.

‘ಗುರುನಾಥ್ ಗಾರು, ನನಗೆ ಕಾಣುತ್ತಿದೆ. ಪರದೆಗೆ ಕಾಣುತ್ತಿಲ್ಲ. ಹಸಿರು ಚುಕ್ಕೆಯ ಕಂಬಕ್ಕೆ ಕೆಲಸ ಬರೆದುಕೊಡಲು ನನಗೆ ಅಧಿಕಾರವಿಲ್ಲ’ ಎಂದರು.

‘ಕೆಂಪಾದರೆ?’

‘ಕೆಂಪಾದರೆ ತಂಡ ತಾನಾಗಿ ಬರುತ್ತದೆ.’

ನಾನು ಡಬ್ಬಿಯಿಂದ ಆ ದೀಪದ ತಂತಿ ಬಿಡಿಸಿದೆ. ಚುಕ್ಕೆ ಕೆಂಪಾಯಿತು. ಮರುದಿನವೇ ಗುತ್ತಿಗೆಯ ತಂಡ ಗಾಡಿ ತಂದು, ಚೆನ್ನಾಗಿದ್ದ ದೀಪ ಇಳಿಸಿ, ಅದಕ್ಕಿಂತ ಚೆನ್ನಾದ ಹೊಸ ದೀಪವನ್ನು ಅಣ್ಣನ ಬೆನ್ನ ಹಿಂದೆಯೇ ಕಟ್ಟಿ, ತಂತಿ ಜೋಡಿಸಿ ಹೋಯಿತು. ಚುಕ್ಕೆ ಹಸಿರಾಯಿತು. ಫ್ಲೆಕ್ಸ್ ಯಾಕೆ ತೆಗೆಯಲಿಲ್ಲ ಎಂದರೆ, ಅದು ಜಾಹೀರಾತು ನೋಡಿಕೊಳ್ಳುವ ವಿಭಾಗದ ಕೆಲಸ ಎಂದರು. ಆ ವಿಭಾಗಕ್ಕೆ ಹೋದರೆ, ಕಂಬಕ್ಕೆ ಕಟ್ಟಿದ್ದಲ್ಲವೇ, ಕಂಬ ನಿಮ್ಮದು, ನೀವೇ ತೆಗೆಯಿರಿ ಎಂದರು. ನಾವೇ ತೆಗೆಯುತ್ತೇವೆ ಎಂದರೆ, ಅನುಮತಿಯಿಲ್ಲದೆ ಮುಟ್ಟಿದರೆ ನೋಡಿ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದೇ ಗೊತ್ತಾಗಲಿಲ್ಲ.

ಉಳಿದವನು ಯಾದಗಿರಿ. ಅವನು ಗಲ್ಲಿಯ ಎದುರಿನ ಚಹಾ ಅಂಗಡಿಯಲ್ಲೇ ಸಿಗುತ್ತಿದ್ದ. ಅವನು ಆಡಿದ್ದು ತೆಲುಗು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಏನು ಮಾತಾಡ್ತಿದ್ದೀರಿ ಸಾರ್? ಟಿಕೆಟ್ ಹಂಚೋ ಹೊತ್ತು. ಈಗ ಅಣ್ಣನ ಫ್ಲೆಕ್ಸ್ ಇಳಿಸಿದರೆ ಅಣ್ಣ ಇಳಿದ ಅಂತ ಊರೆಲ್ಲ ಹಬ್ಬುತ್ತೆ. ಅಪಶಕುನ!’

‘ಹೆಣ್ಣುಮಕ್ಕಳು ಕತ್ತಲಲ್ಲಿ ಓಡಾಡುತ್ತಿದ್ದಾರೆ, ಯಾದಗಿರಿ.’

‘ಅಣ್ಣ ಗೆದ್ದ ಮೇಲೆ ಆ ಗಲ್ಲಿಗೆ ಸಾಲು ದೀಪ ಹಾಕಿಸ್ತಾರೆ. ನಾನೇ ಭಾಷೆ ಕೊಡ್ತೀನಿ’ ಎಂದು ಎದೆಯ ಮೇಲೆ ಕೈಯಿಟ್ಟ.

ಶನಿವಾರ ಸಂಜೆ ಬಂತು. ನನ್ನ ಬುದ್ಧಿಯೆಲ್ಲ ಖರ್ಚಾಗಿತ್ತು. ಚನ್ನಬಸಪ್ಪನವರಿಗೆ ಏನು ಹೇಳುವುದೆಂದು ಯೋಚಿಸುತ್ತ ಶಾಂತಾಬಾಯಿಯವರ ಜಗಲಿಯಲ್ಲಿ ಕೂತಿದ್ದೆ. ಗಾಳಿ ಎದ್ದಿತ್ತು, ಹೊರಗೆ ಫ್ಲೆಕ್ಸ್ ಪಟಪಟ ಬಡಿದುಕೊಳ್ಳುತ್ತಿತ್ತು. ಮಹಾದೇವಿ ಚೀಲಕ್ಕೆ ಪುಸ್ತಕ ತುಂಬುತ್ತಿದ್ದವಳು ಆ ಸದ್ದಿಗೆ ತಲೆಯೆತ್ತಿದಳು.

‘ಕಾಕಾ, ಫ್ಲೆಕ್ಸ್ ಕಟ್ಟೋರು ಗಾಳಿ ಹೋಗಾಕ ಅರ್ಧಚಂದ್ರ ಕೊರೀತಾರಲ್ರಿ? ಇದಕ್ಕ ಕೊರದಿಲ್ಲ.’

‘ಹೌದವ್ವ. ಅವಸರದಾಗ ಮರೆತಾರ.’

ಅವಳು ಚೀಲ ಅಲ್ಲೇ ಬಿಟ್ಟು ಎದ್ದಳು. ನಾನು ಹಿಂದೆ ಓಡಿದೆ. ಚಹಾ ಅಂಗಡಿಯಲ್ಲಿ ಯಾದಗಿರಿ ತನ್ನ ಗೆಳೆಯರ ಜೊತೆ ಕೂತಿದ್ದ. ಅಷ್ಟು ದಿನದಲ್ಲಿ ಕಲಿತ ತೆಲುಗಿನಲ್ಲಿ ಅವಳು ಬಹಳ ಕಳವಳದಿಂದ ಹೇಳಿದಳು, ‘ಯಾದಗಿರಿ ಅನ್ನಾ, ಗಾಳಿ ನೋಡಿದ್ರಾ? ಅಣ್ಣನ ಫ್ಲೆಕ್ಸಿಗೆ ತೂತೇ ಇಲ್ಲ. ಹೀಗೇ ಬೀಸಿದರೆ ಬೆಳಗಾಗುವುದರೊಳಗೆ ನಡುವೆ ಹರಿಯುತ್ತೆ. ಮುಖ ಸರಿಯಾಗಿ ಎರಡು ಹೋಳು. ಟಿಕೆಟ್ ಹಂಚೋ ಹೊತ್ತಲ್ಲಿ...’

ಅವಳು ಮಾತು ಮುಗಿಸಲಿಲ್ಲ. ಅಗತ್ಯವೂ ಇರಲಿಲ್ಲ. ಯಾದಗಿರಿ ಚಹಾ ಲೋಟ ಬಿಟ್ಟು ಎದ್ದು ನಿಂತಿದ್ದ. ‘ಏಣಿ! ಸಾರ್, ನಿಮ್ಮ ಏಣಿ ಗಾಡಿ ಕರೆಸಿ!’

ನಾವು ಫ್ಲೆಕ್ಸ್ ಮುಟ್ಟಲಿಲ್ಲ, ಇದನ್ನು ಬರೆದೇ ಇಡುತ್ತೇನೆ. ಏಣಿ ಮಾತ್ರ ಕೊಟ್ಟೆವು. ಯಾದಗಿರಿಯೇ ಬ್ಲೇಡ್ ಹಿಡಿದು ಮೇಲೆ ಹತ್ತಿದ. ಹತ್ತಿದ ಮೇಲೆ ಹೊಸ ಸಮಸ್ಯೆ. ಫ್ಲೆಕ್ಸಿನಲ್ಲಿ ತೂತು ಕೊರೆಯಲು ಜಾಗವೇ ಇರಲಿಲ್ಲ. ನಡುವೆ ತಂಪು ಕನ್ನಡಕದ ಅಣ್ಣ. ಮೇಲೆ ಸಾಲಾಗಿ, ಗುಂಡನೆಯ ಚೌಕಟ್ಟುಗಳಲ್ಲಿ, ಅಣ್ಣನಿಗಿಂತ ದೊಡ್ಡ ನಾಯಕರು. ಎರಡೂ ಪಕ್ಕದಲ್ಲಿ, ಕೆಳಗೆ, ಗುಂಡಗುಂಡಗೆ ಅಣ್ಣನ ಅನುಯಾಯಿಗಳು. ಎಲ್ಲರೂ ಕೈಮುಗಿದವರೇ. ಖಾಲಿ ಜಾಗ ಬಿಟ್ಟರೆ ಯಾರಿಗಾದರೂ ಬೇಜಾರಾದೀತೆಂದು ಅಲ್ಲೂ ಒಂದು ಮುಖ ಹಾಕಿದ್ದರು. ಕೆಳಗೆ ನಿಂತ ಗೆಳೆಯರು ಒಬ್ಬೊಬ್ಬರೂ ತಂತಮ್ಮ ಮುಖ ಕಾಯತೊಡಗಿದರು.

‘ಏಯ್, ಅದು ನಾನು! ಬ್ಲೇಡ್ ತೆಗಿ!’

‘ಅಲ್ಲಿ ಬೇಡ, ಅದು ನಮ್ಮ ಬಾಮೈದ!’

ಗಾಳಿ ಇನ್ನೂ ಜೋರಾಯಿತು, ಅಣ್ಣನ ಮೂಗು ಉಬ್ಬಿ ಉಬ್ಬಿ ಇಳಿಯಿತು. ಯಾದಗಿರಿ ಏಣಿಯ ಮೇಲೆ ಅಳುವ ಹಾಗಾದ. ಆಗ ಮಹಾದೇವಿ ಕೆಳಗಿನಿಂದ ಮೆಲ್ಲಗೆ ಕೇಳಿದಳು, ‘ಅನ್ನಾ, ಇವರೆಲ್ಲ ಇನ್ನೂ ನಿಮ್ಮ ಪಕ್ಷದಲ್ಲೇ ಇದ್ದಾರಾ?’

ಕೆಳಗಿದ್ದವರೆಲ್ಲ ತಲೆಯೆತ್ತಿ ಫ್ಲೆಕ್ಸಿನ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ಟಿಕೆಟ್ ಹಂಚುವ ಹೊತ್ತೆಂದರೆ ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಅಣ್ಣನ ಕಡೆಯಿಂದ ಹೋದವರೇ ಹೆಚ್ಚು. ಯಾದಗಿರಿಯ ಮುಖದ ಮೇಲೆ ಎಂಥ ನೆಮ್ಮದಿ ಮೂಡಿತೆಂದು ಹೇಳಲಾರೆ. ‘ಈ ದ್ರೋಹಿ ಹೋದ ವಾರವೇ ಹೋದ’ ಎಂದು ಎಡಗಡೆಯ ಒಂದು ಮುಖಕ್ಕೆ ಬ್ಲೇಡ್ ಇಟ್ಟ. ಗುಂಡಗೆ ಸುತ್ತಿ ಬಂದ. ಕೈಮುಗಿದ ಮುಖ ಕೆಳಗೆ ಬಿತ್ತು, ಆ ತೂತಿನಿಂದ ನಮ್ಮ ಎಲ್ಇಡಿಯ ಬೆಳಕು ಸುಯ್ಯನೆ ಹೊರಟು ಗಲ್ಲಿಯೊಳಗೆ ತಟ್ಟೆಯಗಲ ಬಿತ್ತು. ‘ಇವನೂ ಹೋದ. ಇವನು ನಾಳೆ ಹೋಗ್ತಾನೆ, ಗೊತ್ತು ನನಗೆ.’ ಗೆಳೆಯರೂ ಹುರುಪಿನಿಂದ ಕೂಗಿ ತೋರಿಸತೊಡಗಿದರು. ಒಬ್ಬರ ಮೇಲೊಬ್ಬರು ಹಳೆಯ ಸಿಟ್ಟೆಲ್ಲ ತೀರಿಸಿಕೊಂಡರು. ಅದೇ ಉತ್ಸಾಹದಲ್ಲಿ ಬಾಮೈದನೂ ಹೋದ. ಪಕ್ಷಾಂತರದಿಂದ ಜನಕ್ಕೆ ಉಪಕಾರವಾದದ್ದನ್ನು ನಾನು ಅದೊಂದೇ ಸಲ ಕಣ್ಣಾರೆ ಕಂಡೆ.

ಭಾನುವಾರ ಸಂಜೆ ದೀಪ ಹೊತ್ತುವ ಹೊತ್ತಿಗೆ ಚನ್ನಬಸಪ್ಪ ಬಂದರು. ಕಾಲು ಇನ್ನೂ ಕುಂಟುತ್ತಿತ್ತು. ಫ್ಲೆಕ್ಸ್ ಅಲ್ಲೇ ಇರುವುದನ್ನು ಕಂಡು ಮುಖ ಬಿಗಿಯಾಯಿತು. ಅದರಡಿ ಬಗ್ಗಿ ಒಳಗೆ ಬಂದವರು ನಿಂತುಬಿಟ್ಟರು. ಗಲ್ಲಿಯುದ್ದಕ್ಕೂ ನೆಲದ ಮೇಲೆ, ಗೋಡೆಯ ಮೇಲೆ, ಚರಂಡಿಯ ಕಲ್ಲಿನ ಮೇಲೆ ಗುಂಡಗೆ ಬೆಳಕು ಬಿದ್ದಿತ್ತು. ಬೇಕಾದಷ್ಟು ಕಾಣುತ್ತಿತ್ತು. ಶಾಂತಾಬಾಯಿ, ನಾನು, ಮಹಾದೇವಿ ಬಾಗಿಲಲ್ಲಿ ನಿಂತಿದ್ದೆವು. ಅಪ್ಪ ಹೇಳಿದಂತೆ ಕಟ್ಟಿದ ಚೀಲ ಅವಳ ಕಾಲ ಬಳಿ ಇತ್ತು.

‘ಇವೇನ್ರಿ, ರೊಟ್ಟಿ ಹಾಸಿದಂಗ ಗುಂಡಗುಂಡಗ?’

ಶಾಂತಾಬಾಯಿ ನಗು ತಡೆಯಲಾರದೆ ಎಲ್ಲ ಹೇಳಿದರು. ಒಂದೊಂದು ಬೆಳಕೂ ಒಬ್ಬೊಬ್ಬ ಪಕ್ಷ ಬಿಟ್ಟವನೆಂದು, ಯಾರ ಮಾತಿಗೆ ಯಾರು ಬ್ಲೇಡ್ ಹಿಡಿದರೆಂದು. ಚನ್ನಬಸಪ್ಪ ನಗಲಿಲ್ಲ. ಮಗಳನ್ನು, ಅದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲವೇನೋ ಎಂಬಂತೆ ನೋಡಿದರು. ಆಮೇಲೆ ಬಗ್ಗಿ ಚೀಲ ಎತ್ತಿಕೊಂಡರು.

‘ಮುನಸಿಪಾಲ್ಟಿ ಕೈಲೆ ಆಗಲಿಲ್ಲ, ಲೀಡರ್ ಕೈಲೆ ಆಗಲಿಲ್ಲ. ಈಕಿ ಮಾಡ್ಯಾಳ. ಇಂಥಾಕೀನ ಊರಿಗೆ ಒಯ್ದು ನಾ ಏನ್ ಮಾಡ್ಲಿ ಶಾಂತಾಬಾಯಾರ?’ ಎಂದು ಚೀಲವನ್ನು ಒಯ್ದು ಒಳಗೆ ಇಟ್ಟು ಬಂದರು. ‘ಇವತ್ತ ಕ್ಲಾಸ್ ಇಲ್ಲೇನು ನಿಂದು?’

‘ಟೆಸ್ಟ್ ಐತಪ್ಪಾ.’

‘ಮತ್ತ ಇಲ್ಲೇನ್ ನಿಂತಿ? ನಡಿ.’

ಅವಳು ಬೆಳಕಿನಿಂದ ಬೆಳಕಿಗೆ ಕಾಲಿಡುತ್ತ ಗಲ್ಲಿ ದಾಟಿ ಹೋದಳು. ಚನ್ನಬಸಪ್ಪ ಜೊತೆಗೆ ಹೋಗಲಿಲ್ಲ, ಅವಳು ಅಣ್ಣನಡಿ ಬಗ್ಗಿ ರಸ್ತೆಗೆ ತಿರುಗುವವರೆಗೂ ನೋಡುತ್ತ ನಿಂತರು. ಆಮೇಲೆ ಕಣ್ಣೊರೆಸಿಕೊಂಡು, ಗಲ್ಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ಅಂಗಡಿಯವನ ಕಣ್ಣಿನಿಂದ ಇನ್ನೊಮ್ಮೆ ಪರೀಕ್ಷಿಸಿ, ನನ್ನ ಕಡೆ ತಿರುಗಿದರು.

‘ಗುರುನಾಥಣ್ಣಾರ, ಆ ಚರಂಡಿ ಮೂಲ್ಯಾಗ ಇನ್ನೂ ಸ್ವಲ್ಪ ಕತ್ತಲ ಐತಿ. ಪಕ್ಷ ಬಿಡಾವರು ಇನ್ನೊಬ್ಬರು ಯಾರರೆ ಅದಾರೇನು, ಕೇಳಿ ನೋಡ್ರಿ.’